ಎರಡು ಸಲ ತಿದ್ದಿದ ಹೊತ್ತು

ನಾನು ಚಿಕ್ಕವಳಿದ್ದಾಗ ಅಪ್ಪ ಬೆಳಗಿನ ವಾರ್ತೆಗೆ ಮುಂಚೆಯೇ ರೇಡಿಯೊ ಹಚ್ಚಿಡುತ್ತಿದ್ದರು. ವಾಲ್ವುಗಳು ಬಿಸಿಯೇರಿ ದನಿ ಹೊರಡುವ ಮೊದಲು ಕಾದ ಧೂಳಿನ ವಾಸನೆ ಬರುತ್ತಿತ್ತು. ಜರ್ಮನಿಯ ಗಾರ್ಕಿಂಗ್‌ನ ಖಗೋಳ ಸಂಸ್ಥೆಯೊಂದರ ನೆಲಮಾಳಿಗೆಯಲ್ಲಿ, ಕಂಪ್ಯೂಟರುಗಳ ಕೋಣೆಯಲ್ಲಿ, ಈಗ ಅದೇ ವಾಸನೆ.

ಬೆಳಗಿನ ಆರೂಕಾಲು. ಇಲ್ಲಿ ಕೆಲಸ ಮಾಡುವವರ ಒಂದು ದಿನವನ್ನು ಬರೆಯಲು ನಾನು ಬಂದಿದ್ದೇನೆ. ನೀಲವ್ವ ಕೋಟು ಬಿಚ್ಚದೆಯೇ ಕುರ್ಚಿಯಲ್ಲಿ ಕೂರುತ್ತಾರೆ. ಮ್ಯೂನಿಕ್‌ನಿಂದ ಯು-ಬಾನ್ ಸುರಂಗ ರೈಲು, ಹೋಖ್‌ಬ್ರ್ಯೂಕ್‌ನಲ್ಲಿ ಇಳಿದು ಬಸ್ಸು. "ಓಡಿ ಬರೋದು ಕಂಡ್ರ ಡ್ರೈವರ್ ಅರ್ಧ ನಿಮಿಷ ನಿಲ್ಲಸ್ತಾನ್ರೀ. ಎರಡು ವರ್ಷ ಆತು, ಒಂದು ಮಾತೂ ಆಡಿಲ್ಲ," ಎನ್ನುತ್ತಾರೆ.

ಗದಗಿನ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದ ಇವರು ೨೦೦೧ರಲ್ಲಿ ಜರ್ಮನ್ ಸರ್ಕಾರದ ಗ್ರೀನ್ ಕಾರ್ಡ್ ಮೇಲೆ ಬಂದವರು. ಈಗ ನಲವತ್ಮೂರು. ಬಾಹ್ಯಾಕಾಶದ ದೂರದರ್ಶಕ ಹಿಡಿದ ಎಕ್ಸ್-ರೇ ಕಣಗಳು ಬಂದು ಮುಟ್ಟಿದ ಹೊತ್ತನ್ನು ತಿದ್ದುವುದು ಇವರ ಕೆಲಸ. ಸೆಕೆಂಡಿಗೆ ಮುನ್ನೂರು ಸಲ ತಿರುಗುವ ಪಲ್ಸಾರ್ ಎಂಬ ನಕ್ಷತ್ರ, ಜೊತೆಗಾರ ನಕ್ಷತ್ರದೊಂದಿಗೆ ಸುತ್ತುತ್ತಲೇ ಮಿಡಿಯುತ್ತದೆ. ಇತ್ತ ಉಪಗ್ರಹವೂ ಭೂಮಿಯೂ ಓಡುತ್ತಿರುತ್ತವೆ. ನಾವು ಸೂರ್ಯನ ಬಳಿ ನಿಂತು ನೋಡಿದ್ದರೆ ಪ್ರತಿ ಕಣವೂ ಯಾವಾಗ ಮುಟ್ಟುತ್ತಿತ್ತು ಎಂದು ಲೆಕ್ಕ ಹಾಕದಿದ್ದರೆ ಮಿಡಿತ ಕಾಣದು.

ಇಂದಿನ ನಕ್ಷತ್ರದಿಂದ ಹನ್ನೊಂದು ಗಂಟೆಯಲ್ಲಿ ಸಿಕ್ಕಿದ್ದು ನಾನೂರ ಹನ್ನೆರಡು ಕಣ. ಅದರಲ್ಲಿ ಮಿಡಿತವಿಲ್ಲವೆಂದು ವರದಿಯಾಗಿದೆ. ಹತ್ತು ಗಂಟೆಯ ಸಭೆಯಲ್ಲಿ ಆ ನಕ್ಷತ್ರವನ್ನು ಮುಂದಿನ ವರ್ಷ ನೋಡುವವುಗಳ ಪಟ್ಟಿಯಿಂದ ಕೈಬಿಡುತ್ತಾರೆ.

ನೀಲವ್ವ ಕಡತದ ತಲೆಬರಹ ಓದುತ್ತಾರೆ. ಉಪಗ್ರಹದ ಮಾಹಿತಿ ಕಳಿಸಿದವರೇ ಹೊತ್ತನ್ನು ತಿದ್ದಿ ಕಳಿಸಿದ್ದಾರೆ. ಇವರ ಪ್ರೋಗ್ರಾಂ ಅದನ್ನು ನೋಡದೆ ಮತ್ತೊಮ್ಮೆ ತಿದ್ದಿದೆ.

"ನಿನ್ನೆ ಪಾತ್ರೆ ತಿಕ್ಕೋವಾಗ ಅನಮಾನ ಬಂತ್ರೀ. ನಾನೇ ಬರದದ್ದು. ಬ್ಯಾರೆಯವ್ರನ್ನ ಹ್ಯಾಂಗ ಅನ್ಲಿ?"

ಇವರ ಕೆಲಸದ ಅವಧಿ ಡಿಸೆಂಬರಿಗೆ ಮುಗಿಯುತ್ತದೆ. ಮುಂದುವರಿಸಲು ಕೋರಿದ ಕಾಗದ ಸೋಮವಾರದಿಂದ ಮಾಧವ್ ಅವರ ಮೇಜಿನ ಮೇಲಿದೆ. ಮಾಧವ್ ಮೈಸೂರಿನವರು, ಈ ಗುಂಪಿನ ಮುಖ್ಯಸ್ಥರು. ತಪ್ಪನ್ನು ಹೇಳಬೇಕಾದದ್ದೂ ಅವರಿಗೇ.

ಎಂಟೂವರೆಗೆ ಅವರು ಬರುತ್ತಾರೆ. ನೀಲವ್ವ ಎದ್ದು ನಿಂತೇ ಎಲ್ಲ ಹೇಳುತ್ತಾರೆ.

"ಹೀಗಾಗಿರೋದು ಎಷ್ಟು ಫೈಲು?" ಮಾಧವ್ ಕೇಳುತ್ತಾರೆ.

"ಹತ್ತೊಂಬತ್ರೀ ಸರ್. ಇದನ್ನ ಈಗ ಸರಿ ಮಾಡ್ತೀನಿ. ಉಳಿದದ್ದು ವಾರದಾಗ."

"ಮೀಟಿಂಗಲ್ಲಿ ಏನಂತ ಹೇಳ್ಲಿ ನೀಲವ್ವ? ಸಾಫ್ಟ್‌ವೇರ್ ಪ್ರಾಬ್ಲಂ ಅಂದ್ರೆ ಸಾಕಲ್ವಾ?"

"ನನ್ನ ಹೆಸರ ಹೇಳ್ರಿ. ಗುಂಪಿನ ಮೂವತ್ತೆರಡು ಪೇಪರ್‌ನಾಗ ಎಲ್ಲೂ ಬಂದಿಲ್ಲ. ತಪ್ಪಿನಾಗರ ಬರ್ಲಿ."



ಒಂಬತ್ತೂಮುಕ್ಕಾಲಿಗೆ ಪರದೆಯ ಮೇಲಿನ ಚಪ್ಪಟೆ ಗೆರೆಯಲ್ಲಿ ಒಂದು ಉಬ್ಬು ಏಳುತ್ತದೆ. ರೇಡಿಯೊ ದೂರದರ್ಶಕಗಳು ಮೊದಲೇ ಅಳೆದಿಟ್ಟ ಅದೇ ತಾಳ. ನೀಲವ್ವ ಮತ್ತೆ ಎರಡು ಸಲ ಓಡಿಸಿ ನೋಡಿ, ಹಾಳೆಯನ್ನು ಮಾಧವ್ ಕೈಗೆ ಕೊಡುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಕೂರುತ್ತಾರೆ. ಕಿಟಕಿಯಿಲ್ಲದ ಕೋಣೆ, ದಿನಕ್ಕೆ ಹತ್ತು ಗಂಟೆ. ರೆಪ್ಪೆಗಳು ಕೆಂಪಾಗಿವೆ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಹತ್ತೊಂಬತ್ತೂ ನನ್ನ ಕೈಯಾಗೇ ಸರಿ ಆಗ್ಬೇಕ್ರೀ ಅಮ್ಮಾ. ನಾ ಹೋದ ಮ್ಯಾಲೆ ಯಾರರ ಹುಡುಕ್ಕೊಂತ ಕುಂದರಬಾರ್ದು. ಆಮ್ಯಾಲ ಒಂದು ಆಯ್ತಾರ ಎಂಟರ ತನಕ ಮಲಗಬೇಕು."

ಹನ್ನೆರಡಕ್ಕೆ ಮಾಧವ್ ಮರಳುತ್ತಾರೆ. "ನಕ್ಷತ್ರ ಉಳೀತು. ನಿಮ್ಮ ಹೆಸರೂ ಹೇಳಿದೆ," ಎನ್ನುತ್ತಾರೆ. "ಕಾಗದಕ್ಕೆ ಸೈನ್ ಮಾಡಿ ಅಡ್ಮಿನಿಸ್ಟ್ರೇಷನ್ ಆಫೀಸಿಗೆ ಕೊಟ್ಟಿದೀನಿ. ಅವರು ಏನಂತಾರೋ ಗೊತ್ತಿಲ್ಲ."

ನೀಲವ್ವ ತಲೆಯಾಡಿಸಿ ಎರಡನೆಯ ಕಡತ ತೆರೆಯುತ್ತಾರೆ. ಬೆಳಗಿನಿಂದ ಏನೂ ತಿಂದಿಲ್ಲ. ಮಾಧವ್ ಚೀಲದಿಂದ ತಮ್ಮ ಊಟದ ಡಬ್ಬಿ ತೆಗೆದು, ಮುಚ್ಚಳ ಸಡಿಲಿಸಿ, ಚಮಚವನ್ನು ಕರವಸ್ತ್ರದಲ್ಲಿ ಒರೆಸಿ ಅವರ ಕೈಗಿಡುತ್ತಾರೆ. ಮೊಸರನ್ನ. ಆಮೇಲೆ ಮೆಟ್ಟಿಲು ಹತ್ತಿ ಹೋಗುತ್ತಾರೆ.