ಡ್ರೋನ್ ಎಗರವೇಯರಾದು

ಸಂಶಯ ನನಗೆ ಹುಟ್ಟುಗುಣ. ತರಕಾರಿಯವನ ತಕ್ಕಡಿಯನ್ನು ನಂಬುವುದಿಲ್ಲ, ಹಾಲಿನವನ ಹಾಲನ್ನಂತೂ ಕೇಳಲೇಬೇಡಿ. ಹೀಗಾಗಿ ತೆಲಂಗಾಣದ ಗಡಿಯ ಜಹೀರಾಬಾದಿನ ನಮ್ಮ ಕಾಲೊನಿಯ ಪಾರ್ಕಿನ ಮೇಲೆ ಒಂದು ಬೆಳಿಗ್ಗೆ ಗುಂಯ್ ಎಂದು ಡ್ರೋನ್ ಬಂದು ನಿಂತಾಗ ಉಳಿದ ಹೆಂಗಸರು ಅದಕ್ಕೆ ಕೈ ಬೀಸಿದರೆ, ನಾನು ಮಾತ್ರ ಇದು ಯಾರ ಕಿತಾಪತಿ ಎಂದು ಸುತ್ತಲಿನ ಮಾಳಿಗೆಗಳನ್ನು ನೋಡತೊಡಗಿದೆ.

ನನ್ನ ಜೊತೆ ನಾದಿನಿ ಇದ್ದಳು. ಗಂಡ ತೀರಿಹೋದ ಮೇಲೆ ರಾಯಿಕೋಡಿನ ಅತ್ತೆಮನೆ ಬಿಟ್ಟು ನಮ್ಮಲ್ಲಿಗೆ ಬಂದವಳು. ಆ ಮನೆಯಲ್ಲಿ ಹಿರಿಯರ ಮುಂದೆ ತಲೆಯ ಮೇಲಿನ ಸೆರಗು ಜಾರುವಂತಿರಲಿಲ್ಲ. ಇಲ್ಲಿಗೆ ಬಂದ ಮೇಲೂ ತಿಂಗಳುಗಟ್ಟಲೆ ಹೊಸ್ತಿಲು ದಾಟದವಳನ್ನು ನಾನೇ ಕಾಡಿಬೇಡಿ ಪಾರ್ಕಿಗೆ ಎಳೆದು ತಂದಿದ್ದೆ. ಅಲ್ಲಿ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಹುಲ್ಲಿನ ಮೇಲೆ ಬಿರಬಿರನೆ ನಡೆಯುತ್ತಿದ್ದಳು. ನಗುತ್ತಲೂ ಇದ್ದಳು. ಆ ನಗು ಕೇಳಿ ನನಗೆ ಎಷ್ಟು ಸಮಾಧಾನವಾಗಿತ್ತೆಂದು ಅವಳಿಗೆ ಹೇಳಿರಲಿಲ್ಲ. ಡ್ರೋನ್ ಕಂಡ ಕೂಡಲೇ ಸೆರಗು ತಲೆಗೇರಿತು.

“ವೈನಿ, ಇದು ಫೋನಿನ್ಯಾಗ ಬಂದ್ರ ರಾಯಿಕೋಡಿನ ನಮ್ಮ ಭಾವೋರು ನೋಡ್ತಾರ. ನಾಳಿಂದ ನಾ ಬರಂಗಿಲ್ಲ,” ಎಂದಳು.

ಡ್ರೋನ್ ಪಾರ್ಕಿನ ಗೋಡೆಗೆ ಹೊಂದಿಕೊಂಡ ಮನೆಯ ಲೆಕ್ಚರರದ್ದೆಂದು ಪತ್ತೆಯಾಯಿತು. ಅವರ ಹೆಂಡತಿಯೂ ನಮ್ಮ ಜೊತೆಗೇ ತಿರುಗಾಡುವವರು, ಮಾತು ಕಡಿಮೆ. ನಾನು ಅವರ ಗೇಟಿನ ಹತ್ತಿರ ನಿಂತು, “ಸರ್, ಮುಂಜಾನಿ ಹೆಣ್ಮಕ್ಕಳು ಇರ್ತೀವಲ್ಲರಿ…” ಎಂದೆನಷ್ಟೇ.

“ಪಾವ್ ಕಿಲೋಕಿಂತ ಕಮ್ಮಿ ಅದರಿ ಮೇಡಂ, ಲೈಸೆನ್ಸ್ ಬೇಕಾಗಂಗಿಲ್ಲ. ನಾ ಬರೇ ಗಿಡಗಳದು ವಿಡಿಯೋ ಮಾಡ್ತೀನಿ.”

ನಾನು ಲೈಸೆನ್ಸ್ ಕೇಳಿರಲಿಲ್ಲ, ವಿಡಿಯೋದ ಮಾತನ್ನೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಿಡ ನೋಡಬೇಕಿದ್ದರೆ ನಡೆದು ಬಂದು ನೋಡಬಹುದಲ್ಲ?

ಹೆಂಗಸರೆಲ್ಲ ಸೇರಿ ಮುನ್ಸಿಪಾಲ್ಟಿಗೆ ಹೋಗಿ ಜಗಳವಾಡಿ ಬಂದೆವು. ಕೆಲವು ದಿನಗಳಲ್ಲಿ ಗೇಟಿಗೆ ತೆಲುಗಿನಲ್ಲಿ ಬೋರ್ಡ್ ಬಂತು: ‘ಪಾರ್ಕುಲೋ ಡ್ರೋನ್ಲು ಎಗರವೇಯರಾದು.’ ನಾನು ಗೆದ್ದ ಖುಷಿಯಲ್ಲಿ ನಾದಿನಿಯನ್ನು ಕರೆತಂದು ತೋರಿಸಿದೆ. ಮಾವನವರ ನೌಕರಿಯ ದೆಸೆಯಿಂದ ಅವಳು ಓದಿದ್ದು ಬೀದರಿನ ಕನ್ನಡ ಶಾಲೆಯಲ್ಲಿ. ತೆಲುಗು ಅಕ್ಷರ ನಮ್ಮವೇ ಹೆಚ್ಚುಕಡಿಮೆ, ಕೂಡಿಸಿ ಓದಿದಳು. ಓದಿ ಮುಖ ಕೆಂಪಗೆ ಮಾಡಿಕೊಂಡಳು.

“ನಾವು ಹೇಳಿದ್ದೇನು, ಇವರು ಬರ್ದಿದ್ದೇನು? ಡ್ರೋನ್ ಎಗರಸಬಾರದಂತ! ಅವನ ಡ್ರೋನ್ ಯಾರೂ ಕದೀಬಾರದಂತ ಕಾವಲು ಹಾಕ್ಯಾರ. ನಮಗ ಯಾರು ಕಾವಲು, ವೈನಿ?”

ಕನ್ನಡದಲ್ಲಿ ಎಗರಿಸುವುದೆಂದರೆ ಕದಿಯುವುದು, ತೆಲುಗಿನಲ್ಲಿ ಹಾರಿಸುವುದು. “ಹುಚ್ಚಿ, ಹಾರಸಬಾರದು ಅಂತ ಬರ್ದಾರ,” ಎಂದು ತಿಳಿಸಿ ಹೇಳುವಷ್ಟರಲ್ಲಿ ನಕ್ಕು ನಕ್ಕು ನನ್ನ ಹೊಟ್ಟೆ ಹಿಡಿದುಕೊಂಡಿತ್ತು. ಅವಳೂ ನಕ್ಕಳು. ಮರುದಿನದಿಂದ ತಿರುಗಾಡಲು ಬಂದಳು.

ಆ ವಾರವೇ ಮತ್ತೆ ಗುಂಯ್. ಈ ಸಲ ಲೆಕ್ಚರರು ತಮ್ಮ ಮಾಳಿಗೆಯ ಮೇಲೆ ನಿಂತಿದ್ದರು. “ಪಾರ್ಕಿನ್ಯಾಗ ಎಲ್ಲಿ ಹಾರ್ಸೀನ್ರಿ? ನಾ ನಮ್ಮ ಮನಿ ಮ್ಯಾಲ ಅದೀನಿ,” ಎಂದು ಅಲ್ಲಿಂದಲೇ ಕೂಗಿದರು. ನಾದಿನಿ ಸೆರಗೆಳೆದುಕೊಂಡು ಗೇಟಿನ ಕಡೆ ತಿರುಗಿದಳು. ಅಷ್ಟರಲ್ಲಿ ಡ್ರೋನ್ ಬೇವಿನ ಟೊಂಗೆಗೆ ಬಡಿದು ಹುಲ್ಲಿನ ಮೇಲೆ ಬಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಅದನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡಳು.

“ಬೋರ್ಡ್ ಏನರ ಅನ್ಲಿ ವೈನಿ, ನಾ ಎಗರಸ್ದೆ!”

ಲೆಕ್ಚರರು ನಮ್ಮ ಮನೆಗೆ ಓಡಿ ಬಂದರು. ವಿಡಿಯೋ ತೋರಿಸಿದರೆ ಮಾತ್ರ ಡ್ರೋನ್ ಎಂದಳು ನಾದಿನಿ. ಅವರು ತಡವರಿಸಿದರು, ಬೆವರಿದರು, ಕೊನೆಗೆ ಫೋನ್ ತೆಗೆದರು. ನಾವು ಅವಳಿಗಾಗಿ ಹುಡುಕಿದೆವು. ಅಂಚಿನಲ್ಲೆಲ್ಲೋ ಅವಳ ಕೈ, ನನ್ನ ಬೆನ್ನು, ಅಷ್ಟೇ. ಗಿಡಗಳೂ ಇರಲಿಲ್ಲ. ಎಲ್ಲ ವಿಡಿಯೋಗಳ ನಟ್ಟನಡುವೆ ಇದ್ದವರು ಒಬ್ಬರೇ, ಅವರ ಹೆಂಡತಿ. ಆಕೆ ನಡೆದರೆ ಡ್ರೋನೂ ನಡೆಯುತ್ತಿತ್ತು, ಪಾರ್ಕಿನ ಮಾಲಿಯೊಂದಿಗೆ ಎರಡು ಮಾತಾಡಿದರೆ ಕೆಳಗಿಳಿಯುತ್ತಿತ್ತು.

ತಾನು ಕಳ್ಳ, ಪರರ ನಂಬ. ಸಂಶಯದವಳಾದ ನನಗೇ ಹೆಂಡತಿಯ ಮೇಲಿನ ಅವರ ಆ ಸಂಶಯ ಕಂಡು ಹೇಸಿಗೆಯಾಯಿತು. “ಎಲ್ಲಾ ಅಳಿಸಿಬಿಡ್ತೀನ್ರಿ,” ಎಂದರು ಲೆಕ್ಚರರು. ನಾನು ನಂಬಲಿಲ್ಲ, ಈಗಲೂ ನಂಬಿಲ್ಲ. ನಾದಿನಿ ಡ್ರೋನ್ ಕೊಟ್ಟು ಒಳಗೆ ಹೋದಳು. ಇನ್ನಿವಳು ಮನೆ ಬಿಟ್ಟು ಹೊರಡುವುದಿಲ್ಲ ಎಂದೇ ನಾನು ಎಣಿಸಿದೆ.

ಮರುದಿನ ಬೆಳಿಗ್ಗೆ ಅವಳು ನನಗಿಂತ ಮೊದಲೇ ತಯಾರಾಗಿದ್ದಳು. ಪಾರ್ಕಿಗೆ ಹೋಗದೆ ನೇರ ಲೆಕ್ಚರರ ಮನೆಗೆ ಹೋಗಿ ಬಾಗಿಲು ಬಡಿದಳು. “ಅಕ್ಕೋರ, ಬರ್ರಿ, ತಿರುಗಾಡಾಕ ಹೋಗಮ್.”

ಬಾಗಿಲಿಗೆ ಬಂದವರು ಲೆಕ್ಚರರು. “ಅಕಿಗಿ ಆರಾಮಿಲ್ಲ.”

“ಆರಾಮ ಆಗೂತನಕ ಇಲ್ಲೇ ಕುಂದರ್ತೀನ್ರಿ,” ಎಂದು ನಾದಿನಿ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಹೋಗಿಬರುವವರೆಲ್ಲ ನೋಡುತ್ತಿದ್ದರು, ನೋಡಲಿ ಎಂಬಂತೆ ಅವಳು ಕೂತಿದ್ದಳು. ಸ್ವಲ್ಪ ಹೊತ್ತಿಗೆ ಒಳಗೆ ಯಾರೋ ಚಪ್ಪಲಿ ಹುಡುಕುವ ಸದ್ದು ಕೇಳಿತು.