ಹವಾಲ್ದಾರ್ ಸಾರ್ ಇಲ್ಲದ ನಾಲ್ಕು ದಿನ

ಬೆಳಿಗ್ಗೆ ಐದೂವರೆಗೆ ಗುಂಡ್ಲುಪೇಟೆಯ ಹೊರಗಿನ ಮೈದಾನದಲ್ಲಿ ಸೀಟಿ ಕೇಳಿಸಿದರೆ ಸಾಕು, ನನ್ನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಊದುತ್ತಿದ್ದವರು ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಹವಾಲ್ದಾರರು. ಹೊಸದಾಗಿ ಸೇರಿದವರಿಗೆ ಡ್ರಿಲ್ ಕಲಿಸುವುದರಲ್ಲೇ ಅವರ ನೌಕರಿಯ ಬಹುಪಾಲು ಕಳೆದಿತ್ತು. ಈಗ ಸೈನ್ಯಕ್ಕೆ ಸೇರುವ ಆಸೆಯಿದ್ದ ನಮ್ಮಂಥ ಹದಿನೆಂಟು ಜನರನ್ನು ತಯಾರು ಮಾಡುತ್ತಿದ್ದರು. ನಾನು ಭೀಮನಬೀಡಿನಿಂದ ಅಪ್ಪನ ತರಕಾರಿ ಟೆಂಪೊದಲ್ಲಿ, ಟೊಮೇಟೊ ಕ್ರೇಟುಗಳನ್ನು ಹಿಡಿದುಕೊಂಡು ಬರುತ್ತಿದ್ದೆ. "ಎಣ್ಮಗು ಮಿಲ್ಟ್ರಿಗೆ ಓಗದಾ?" ಎಂದು ಗೊಣಗುತ್ತಿದ್ದ ಅವ್ವ, ಗೊಣಗುತ್ತಲೇ ಎರಡು ಮೊಟ್ಟೆ ಬೇಯಿಸಿ ಡಬ್ಬಿಗೆ ಹಾಕುತ್ತಿದ್ದಳು.

ಮೊದಲ ದಿನವೇ ನಾನು ಎರಡು ನಿಮಿಷ ತಡ. ಸಾರ್ ನನ್ನನ್ನು ಬೈಯಲಿಲ್ಲ. ಉಳಿದವರಿಗೆಲ್ಲ ಇಪ್ಪತ್ತು ಪುಷ್‌ಅಪ್ ಹೊಡೆಯಲು ಹೇಳಿ, ನನ್ನನ್ನು ಎದುರಿಗೆ ನಿಲ್ಲಿಸಿದರು.

"ಜೋರಾಗ್ ಎಣ್ಸಮ್ಮಿ. ನೀನ್ ತಡ್ವಾಗ್ ಬಂದಿದ್ಕೆ ಇವ್ರೆಲ್ಲ ಬಗ್ತಾವ್ರೆ."

ತಲೆ ಎತ್ತದೆ ಇಪ್ಪತ್ತರವರೆಗೂ ಎಣಿಸಿದೆ. ಆಮೇಲೆ ಒಂದು ದಿನವೂ ನಾನು ತಡ ಮಾಡಲಿಲ್ಲ. ಎರಡು ತಿಂಗಳಲ್ಲಿ ಹುಡುಗಿಯರಲ್ಲಿ ನಾನೇ ಮುಂದಿದ್ದೆ. ಓಡುವಾಗ ಕಿವಿಯ ಪಕ್ಕ ಗಾಳಿ ಸುಯ್ಯೆಂದರೆ, ಗೋಪಾಲಸ್ವಾಮಿ ಬೆಟ್ಟದ ತನಕ ಹೀಗೇ ಓಡಿಬಿಡಬಲ್ಲೆ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಸಾರ್ ತಮ್ಮ ಮಂಡಿನೋವನ್ನು ಡಾಕ್ಟರಿಗೆ ತೋರಿಸಲು ನಾಲ್ಕು ದಿನ ಮೈಸೂರಿಗೆ ಹೋಗಬೇಕಾಯಿತು. ಸೀಟಿಯನ್ನು ನನ್ನ ಕೈಗೆ ಕೊಟ್ಟರು. ಅವತ್ತು ನಾನು ನೆಲದ ಮೇಲೆ ನಡೆಯಲೇ ಇಲ್ಲ.

ಮಾರನೆಯ ದಿನ ನನ್ನ ಬಾಯಿಂದ ಬಂದ ದನಿ ನನಗೇ ಹೊಸದು. "ಸಾವಧಾನ್!" ಎಂದರೆ ಹದಿನೇಳು ಜೊತೆ ಹಿಮ್ಮಡಿಗಳು ಟಪ್ಪೆಂದು ಕೂಡುತ್ತಿದ್ದವು. ಅದರ ಅಮಲು ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಎರಡನೆಯ ದಿನ ಇನ್ನೂ ಜೋರು ಮಾಡಿದೆ. ಮೂರನೆಯ ದಿನ, ಓಟದಲ್ಲಿ ಯಾವಾಗಲೂ ಕೊನೆಗೆ ಬರುತ್ತಿದ್ದ ಹುಡುಗಿಯೊಬ್ಬಳನ್ನು ತಡೆದು ನಿಲ್ಲಿಸಿದೆ. ಪೇಟೆಯ ಟೈಲರ್ ಒಬ್ಬರ ಮಗಳು. ದಪ್ಪಗಿದ್ದಳು, ಮಾತು ಕಮ್ಮಿ. ಎಲ್ಲರ ಎದುರು ಮೈದಾನದ ಉದ್ದಕ್ಕೂ ಅವಳಿಂದ ಕಪ್ಪೆ ಜಿಗಿತ ಮಾಡಿಸಿದೆ. ಅರ್ಧದಲ್ಲಿ ಅವಳು ಕೂತಾಗ, "ಏಳೇ ಮೂಟೆ!" ಎಂದೆ. ಕೆಲವರು ನಕ್ಕರು. ಅವಳು ಎದ್ದು, ಉಳಿದರ್ಧವನ್ನೂ ಜಿಗಿದು ಮುಗಿಸಿ, ಬ್ಯಾಗು ಎತ್ತಿಕೊಂಡು ಹೋದಳು. ನಾಲ್ಕನೆಯ ದಿನ ಬರಲಿಲ್ಲ.

ಸಾರ್ ವಾಪಸು ಬಂದವರೇ ಸಾಲನ್ನೊಮ್ಮೆ ನೋಡಿದರು. "ಒಬ್ರು ಕಮ್ಮಿ ಅವ್ರಲ್ಲ?"

ಸುಳ್ಳು ಹೇಳುವ ಧೈರ್ಯ ಬರಲಿಲ್ಲ. ನಡೆದದ್ದನ್ನೆಲ್ಲ ಒದರಿದೆ. ಕೇಳಿ ಮುಗಿಸಿ, ಅವರು ನನ್ನನ್ನು ಬೇವಿನ ಮರದ ಹತ್ತಿರ ಕರೆದುಕೊಂಡು ಹೋದರು.

"ನಿಮ್ಗೆ ಪುಷ್‌ಅಪ್ ಕೊಟ್ಟಾಗ್ಲೆಲ್ಲ ನಾನೇನ್ ಮಾಡ್ತಿದ್ದೆ?"

ಆ ಕ್ಷಣದವರೆಗೆ ನಾನದನ್ನು ಯೋಚಿಸಿಯೇ ಇರಲಿಲ್ಲ. ಅವರೂ ನಮ್ಮ ಜೊತೆಗೇ ನೆಲಕ್ಕೆ ಕೈಯೂರುತ್ತಿದ್ದರು, ಆ ಕೆಟ್ಟ ಮಂಡಿ ಇಟ್ಟುಕೊಂಡು.

"ನೀವೂ ಹೊಡೀತಿದ್ರಿ ಸಾರ್."

"ಅವ್ಳ ಪಕ್ದಲ್ಲಿ ನೀನೂ ಜಿಗ್ದ್ಯಾ?"

"ಇಲ್ಲ ಸಾರ್."

"ಗದ್ರದು ನಂಗೂ ಬತ್ತದೆ ಕಣಮ್ಮಿ. ತಪ್ ಮಾಡುದ್ರೆ ಗದ್ರು, ಬ್ಯಾಡ ಅನ್ನಕಿಲ್ಲ. ತಡ್ವಾಗ್ ಬಂದವ್ರು ನಾಳೆ ಬೇಗ ಬರ್ಬೋದು. ಮೂಟೆ ಅಂದ್ಬುಟ್ರೆ ಅವ್ಳು ಸರಿ ಮಾಡ್ಕಳದಾದ್ರೂ ಏನ?" ಸೀಟಿಗಾಗಿ ಕೈ ಚಾಚಿದರು. "ಓಗು, ನೀನೇ ಕರ್ಕಂಡ್ ಬಾ. ಅಲ್ಲಿಗಂಟ ನಿಂಗೂ ಗ್ರೌಂಡ್ ಇಲ್ಲ."

ಮಧ್ಯಾಹ್ನವೇ ಟೈಲರ್ ಅಂಗಡಿಗೆ ಹೋದೆ. ಅವಳು ಮೆಷಿನ್ನಿನ ಹಿಂದೆ ಕೂತು ಗುಂಡಿ ಹೊಲಿಯುತ್ತಿದ್ದಳು. ಅವಳ ತಾಯಿ ಒಳಗಿನಿಂದ ಉರ್ದುವಿನಲ್ಲಿ ಏನೋ ಕೇಳಿದರು, ಇವಳು ಚುಟುಕಾಗಿ ಉತ್ತರಿಸಿದಳು. ನನ್ನ ಬಗ್ಗೆಯೇ ಎಂದು ಗೊತ್ತಾಗಿ ಕಿವಿ ಬಿಸಿಯಾಯಿತು.

"ತಪ್ಪಾಯ್ತು. ಹಂಗನ್ನಬಾರದಿತ್ತು," ಎಂದೆ.

ಅವಳು ದಾರ ಕಚ್ಚಿ ತುಂಡು ಮಾಡಿದಳು. "ನಾನು ನಿಧಾನ ಅಂತ ನಂಗೇನು ಗೊತ್ತಿಲ್ವಾ? ಜಿಗಿಯೋದು ಕಷ್ಟ ಅನ್ನಿಸ್ಲಿಲ್ಲ. ಅವರೆಲ್ಲ ನಕ್ಕರಲ್ಲ, ಅದು."

"ನಾಳೆ ಬಾ."

"ಬರ್ತೀನಿ. ಒಂದು ವಾರ ನೀನು ನನ್ನ ಹಿಂದೆ ಓಡ್ಬೇಕು. ಮುಂದೆ ಹೋಗಂಗಿಲ್ಲ."

ಒಪ್ಪಿಕೊಂಡೆ. ಎಲ್ಲರಿಗಿಂತ ಹಿಂದೆ ಓಡುವುದು ನನಗೆ ಮೊದಲ ಬಾರಿ. ಎರಡನೆಯ ಸುತ್ತಿನಲ್ಲಿ ನನ್ನ ಕಣ್ಣು ಅವಳ ಕಾಲಿನ ಮೇಲೆ ನಿಂತಿತು. ಪ್ರತಿ ಹೆಜ್ಜೆಗೂ ಹಿಮ್ಮಡಿ ಶೂನಿಂದ ಹೊರಗೆ ಬರುತ್ತಿತ್ತು. ಅವಳು ಬೆರಳು ಮಡಚಿ ಅದನ್ನು ಎಳೆದುಕೊಂಡು ಓಡುತ್ತಿದ್ದಳು.

"ಯಾರ ಶೂ ಅದು?" ಎಂದು ಕೂಗಿದೆ.

"ನಮ್ಮಣ್ಣಂದು! ಮುಂದೆ ಬಟ್ಟೆ ತುಂಬ್ಕೊಂಡಿದೀನಿ!"

ಎರಡು ತಿಂಗಳು ಮುಂದೆ ಓಡಿದ ನಾನು ಇದನ್ನು ನೋಡಿಯೇ ಇರಲಿಲ್ಲ! ಮಾರನೆಯ ದಿನ ಮನೆಯಲ್ಲಿದ್ದ ನನ್ನ ಹಳೆಯ ಜೊತೆ ತಂದುಕೊಟ್ಟೆ. ಹಾಕಿಕೊಂಡು ನಾಲ್ಕು ಹೆಜ್ಜೆ ಕುಣಿದು ನೋಡಿದಳು. ಆ ಬೆಳಿಗ್ಗೆ ಅವಳು ಇಬ್ಬರನ್ನು ಹಿಂದೆ ಹಾಕಿದಳು. ವಾರ ಮುಗಿದ ಮೇಲೂ ನಾನು ಮುಂದೆ ಹೋಗದೆ ಅವಳ ಪಕ್ಕದಲ್ಲೇ ಓಡಿದೆ. ಸಾರ್ ನೋಡಿಯೂ ನೋಡದ ಹಾಗೆ ಇದ್ದರು.

ತಿಂಗಳೊಪ್ಪತ್ತಿನ ನಂತರ ಸಾರ್ ನಮ್ಮನ್ನೆಲ್ಲ ಬಸ್ಸಿನಲ್ಲಿ ಚಾಮರಾಜನಗರದ ಕ್ರೀಡಾಂಗಣಕ್ಕೆ ಕರೆದೊಯ್ದರು. ನೇಮಕಾತಿಗೆ ಮುಂಚೆ ನಿಜವಾದ ಟ್ರ್ಯಾಕಿನಲ್ಲಿ ಒಂದು ಪರೀಕ್ಷೆ. ಹುಡುಗಿಯರಿಗೆ ಸಾವಿರದಾರುನೂರು ಮೀಟರು, ಏಳೂವರೆ ನಿಮಿಷ. ತೆರಕಣಾಂಬಿ ದಾಟುವಾಗಲೇ ನಮ್ಮ ಗಲಾಟೆಗೆ ಕಂಡಕ್ಟರ್ ತಲೆ ಚಚ್ಚಿಕೊಂಡರು.

ನಾನು ಓಟ ಮುಗಿಸಿ, ಗೆರೆಯ ಪಕ್ಕ ಬಗ್ಗಿ ನಿಂತೆ. ಅವಳಿಗೆ ಇನ್ನೂ ಅರ್ಧ ಸುತ್ತಿತ್ತು. ಸಾರ್ ಕೈಯಲ್ಲಿ ಸ್ಟಾಪ್‌ವಾಚ್. ಅದನ್ನು ನೋಡಿದೆ, ಅವಳನ್ನು ನೋಡಿದೆ. ಉಸಿರು ಕೂಡುವ ಮೊದಲೇ ಹುಲ್ಲಿನ ಮೇಲೆ ಅವಳ ಜೊತೆಜೊತೆಗೆ ಓಡತೊಡಗಿದೆ. "ಕೈ ಬೀಸು! ಕೈ ಬೀಸೇ!" ಉಳಿದವರೂ ಎದ್ದು ಕೂಗಿದರು. ಕೊನೆಯ ತಿರುವಿನಲ್ಲಿ ಅವಳು ಹಲ್ಲು ಕಚ್ಚಿ ತಲೆ ತಗ್ಗಿಸಿದಳು, ಗೆರೆ ದಾಟಿ ಬಿದ್ದೇಬಿಟ್ಟಳು.

"ಏಳು ಇಪ್ಪತ್ತೆಂಟು!" ಎಂದು ಸಾರ್ ಕಿರುಚಿದರು. ಅದುವರೆಗೆ ನಮ್ಮೆದುರು ಹಲ್ಲು ಬಿಡದಿದ್ದ ಮನುಷ್ಯ, ಟೋಪಿ ಮೇಲಕ್ಕೆಸೆದು, "ಎದ್ದೇಳಮ್ಮಿ, ಗೆದ್ಬುಟ್ಟೆ!" ಎಂದು ಕುಂಟುತ್ತ ಓಡಿ ಬಂದರು. ನಾವು ಅವಳನ್ನು ಎತ್ತಿ ಕುಣಿಸಿದೆವು.

ಸೈನ್ಯಕ್ಕೆ ನಾನು ಆಯ್ಕೆಯಾದೆ. ಅವಳಿಗೆ ಎತ್ತರ ಸಾಲದೆ ಹೋಯಿತು. ಎರಡು ದಿನ ಅತ್ತಳು. ಮೂರನೆಯ ದಿನ ಪೊಲೀಸ್ ಅರ್ಜಿ ಹಾಕಿದಳು, ಅಲ್ಲಿಗೆ ಆ ಎತ್ತರ ಸಾಕಿತ್ತು. ಈಗ ತರಬೇತಿಯಲ್ಲಿದ್ದಾಳೆ. ಹೋದ ಭಾನುವಾರ ಫೋನು ಮಾಡಿದವಳು ಹಲೋ ಕೂಡ ಹೇಳಲಿಲ್ಲ.

"ಕೇಳ್ ಇಲ್ಲಿ! ನಮ್ಮ ಸ್ಕ್ವಾಡಿಗೆ ನನ್ನೇ ಲೀಡರ್ ಮಾಡಿದಾರೆ ಕಣೇ!"