ಗಾಜಿನ ಪೆಟ್ಟಿಗೆಯ ಮೂರು ವಾರ

ದಿನ ತುಂಬದೆ ಹುಟ್ಟಿದ ಮಗು ಕುರುಡಾಗಬಹುದು. ಕಣ್ಣಿನ ಹಿಂದಿನ ಪರದೆಗೆ ಆಗಿನ್ನೂ ರಕ್ತನಾಳಗಳು ಪೂರ್ತಿ ಹಬ್ಬಿರುವುದಿಲ್ಲ. ಆಮೇಲೆ ಅಡ್ಡಾದಿಡ್ಡಿ ಬೆಳೆದವೆಂದರೆ ಪರದೆಯನ್ನೇ ಕಿತ್ತು ತರುತ್ತವೆ. ಹೊಸ ಗಾಡಿಯ ಮೊದಲ ಸರ್ವೀಸು ಯಾವಾಗೆಂದು ಬಾಯಿಪಾಠ ಒಪ್ಪಿಸುವ ನಮಗೆ ಇದು ಗೊತ್ತಿಲ್ಲ.

ಎಳೆಗೂಸುಗಳ ವಾರ್ಡಿನ ಹಿರಿಯ ನರ್ಸಿಗೆ ಗೊತ್ತು. ಮನೆಗೆ ಹೋದ ಮಕ್ಕಳ ಬೆನ್ನು ಬಿಡದೆ ಫೋನು ಮಾಡುವ ಅವಳಿಗೆ ಜೊತೆಯವರು ಇಟ್ಟ ಹೆಸರು ಫೋನಕ್ಕ.

"ಕಟ್ಟಿಕೊಂಡ ಗಂಡನಿಗೂ ಇಷ್ಟು ಸಲ ಮಾಡಿಲ್ಲ ನೀನು," ಎಂದು ಆಯಾ ಕಿಚಾಯಿಸುತ್ತಾಳೆ.

"ಅವರ ಕಣ್ಣಿಗೇನಾಗಿದೆ? ಬೇಡದ್ದೆಲ್ಲ ಕಾಣುತ್ತೆ."

ಆ ಸೋಮವಾರ ಟೈಲರಮ್ಮನ ಮಗು ಕಣ್ಣಿನ ಪರೀಕ್ಷೆಗೆ ಬರಬೇಕಿತ್ತು. ಏಳು ತಿಂಗಳಿಗೇ ಹುಟ್ಟಿದ ಹೆಣ್ಣುಕೂಸು. ಬರಲಿಲ್ಲ. ಮಂಗಳವಾರ ಐದು ಸಲ ಫೋನು ಹೋಯಿತು, ಎತ್ತುವವರಿಲ್ಲ. ಫೋನಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬುಧವಾರ ಬೆಳಗಿನ ಪಾಳಿ ಮುಗಿದದ್ದೇ ಬಸ್ಸು ಹತ್ತಿದಳು.

ಟೈಲರಮ್ಮ ಮನೆಯಲ್ಲೇ ಇದ್ದಳು. ಹೊಲಿಗೆ ಯಂತ್ರದ ಗಡಗಡದಲ್ಲಿ ಫೋನು ಕೇಳಿಸಿರಲಿಲ್ಲವಂತೆ.

"ಅದ್ಯಾಕಮ್ಮ ಹೀಗೆ ಏದುಸಿರು ಬಿಡ್ತಾ ಬಂದೆ?" ಎಂದಳು ಮಗುವಿನ ಅಜ್ಜಿ. "ನಾಲ್ಕು ವಾರಕ್ಕೆ ಬನ್ನಿ ಅಂತ ತಾನೇ ಬರೆದಿರೋದು? ಇನ್ನೂ ಎರಡನೇ ವಾರ."

ಗೋಡೆಯ ಕ್ಯಾಲೆಂಡರಿನ ಮೇಲೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ, ಕೂಸು ಮನೆಗೆ ಬಂದ ದಿನದಿಂದ ಗೀಟೆಳೆದಿದ್ದರು.

"ನಮ್ಮ ವಾರ್ಡಿನ ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿದ್ದ ಮೂರು ವಾರ ಎಲ್ಲಿ ಹೋಯ್ತು ಅಜ್ಜಿ?"

"ಅದು ನಿಮ್ಮ ಲೆಕ್ಕ. ನಮ್ಮ ಮಡಿಲಿಗೆ ಬಂದಮೇಲೆ ತಾನೇ ನಮ್ಮ ಲೆಕ್ಕ! ನೋಡು, ಲೈಟು ಹಾಕಿದರೆ ಹೇಗೆ ಕಣ್ಣು ಪಿಳುಕಿಸುತ್ತೆ."

"ಹಿಂದಿನ ಪರದೆ ಹೊರಗಿಂದ ಕಾಣಲ್ಲ," ಎನ್ನುತ್ತಾ ಫೋನಕ್ಕ ಆಸ್ಪತ್ರೆಯ ಚೀಟಿ ಇಸಿದುಕೊಂಡಳು. ಅವಳದ್ದೇ ಅಕ್ಷರ: ನಾಲ್ಕು ವಾರಕ್ಕೆ ಕಣ್ಣಿನ ಪರೀಕ್ಷೆ. ಹುಟ್ಟಿದ ದಿನದಿಂದ ಎಂದು ಬರೆದಿರಲಿಲ್ಲ. ತಾರೀಖು ವಾರ್ಡಿನ ಪುಸ್ತಕದಲ್ಲಿತ್ತು, ಇವರ ಕೈಯಲ್ಲಿರಲಿಲ್ಲ.

ಅವಳು ಚೀಟಿ ಮಡಚಿ ಟೈಲರಮ್ಮನ ಕಡೆ ತಿರುಗಿದಳು. "ತಪ್ಪು ನನ್ನದು ತಾಯಿ. ಏಳಿ, ಈಗಲೇ ಹೊರಡಿ."

ಟೈಲರಮ್ಮ ಅರ್ಧ ಕೂಡಿಸಿದ ರವಿಕೆಯ ತೋಳನ್ನು ಸೂಜಿಯಡಿಯಲ್ಲೇ ಬಿಟ್ಟು ಎದ್ದಳು.

ಕಣ್ಣಿನ ಡಾಕ್ಟರು ನೋಡಿ, "ನಾಳೆ ಬೆಳಿಗ್ಗೆಯೇ ಲೇಸರ್," ಎಂದರು. "ನಿಮ್ಮ ಲೆಕ್ಕದಲ್ಲಿ ಬಂದಿದ್ದರೆ ನನ್ನ ಕೈಲಿ ಏನೂ ಇರ್ತಿರಲಿಲ್ಲ."

ಲೇಸರ್ ಆಯಿತು. ಬಲಗಣ್ಣು ಉಳಿಯಿತು. ಎಡಗಣ್ಣಿನ ಬಗ್ಗೆ ಡಾಕ್ಟರು ಇನ್ನೂ ಬಾಯಿ ಬಿಟ್ಟಿಲ್ಲ. ಫೋನಕ್ಕ ದಿನಾ ಕೇಳುತ್ತಾಳೆ.

ಎಲ್ಲ ವಾರ್ಡಿನಲ್ಲೂ ಬಸ್ಸು ಹತ್ತಿ ಬರುವ ಫೋನಕ್ಕ ಇರುವುದಿಲ್ಲ. ನಿಮ್ಮ ಮನೆಗೂ ಅವಸರದ ಕೂಸು ಬಂದಿದ್ದರೆ ಇವತ್ತೇ ಆಸ್ಪತ್ರೆಗೆ ಹೋಗಿ. ಕಣ್ಣಿನ ಪರೀಕ್ಷೆ ಯಾವ ತಾರೀಖಿಗೆ ಎಂದು ಕೇಳಿ. ಬರೆದು ಕೊಡುವವರೆಗೆ ಅಲ್ಲಿಂದ ಕದಲಬೇಡಿ.